ಹಿಟ್ಟಿನ ಹುಂಜವೂ ಬೆಂಕಿಯುಗುಳುವ ಡ್ರ್ಯಾಗನ್ನೂ

ಮಾಟ-ಮಂತ್ರಗಳ ಕಾದಂಬರಿಗಳನ್ನು ಮಕ್ಕಳ ಕೈಯಿಂದ ಕಸಿದುಕೊಳ್ಳಬೇಕೆಂಬ ಕೂಗು ಹೊಸದಲ್ಲ. ಜೆ. ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಮಾಲೆಯ ಮೊದಲ ಪುಸ್ತಕ 1997ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾಯಿತು. 2001ರ ಡಿಸೆಂಬರಿನಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ಪ್ರಾಂತದ ಅಲಮೊಗಾರ್ಡೊ ಎಂಬ ಊರಿನ ಚರ್ಚೊಂದು ಆ ಪುಸ್ತಕಗಳನ್ನು ಬೆಂಕಿಗೆ ಹಾಕಿತು. ನಾವು ಅಷ್ಟು ದೂರ ಹೋಗಲಿಲ್ಲ ಎಂದು ಬೀಗಬೇಕಾಗಿಲ್ಲ. ಒಂದು ಚಿಕ್ಕ ಗ್ರಂಥಾಲಯದ ಸಮಿತಿ ಇದೇ ಪುಸ್ತಕಗಳನ್ನು ಕಪಾಟಿನಿಂದ ತೆಗೆಯಲು ನಿರ್ಣಯಿಸಿದಾಗ ಅದಕ್ಕೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಒಂದು ಪುಟವನ್ನೂ ಓದದೆ ಸಹಿ ಹಾಕಿದ್ದೆನೆಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಓದಿದ್ದು ಆಮೇಲೆ.

ಅಂದು ನಾವು ಕೊಟ್ಟ ಕಾರಣವೆಂದರೆ ಮಂತ್ರವಿದ್ಯೆ ಮಿಥ್ಯಾತ್ವವನ್ನು ಬೆಳೆಸುತ್ತದೆ ಎಂಬುದು. ಈ ಕಾರಣ ನಿಲ್ಲುವಂಥದ್ದಲ್ಲ. ಆಕಾಶಗಮನ ಮಾಡುವ ವಿದ್ಯಾಧರರಿಲ್ಲದ ಜೈನ ಪುರಾಣವನ್ನು ಯಾರಾದರೂ ತೋರಿಸಲಿ. ನಾಗಚಂದ್ರನ ರಾಮಚಂದ್ರಚರಿತ ಪುರಾಣದ ರಾವಣನೇ ಬಹುರೂಪಿಣೀ ವಿದ್ಯೆಯನ್ನು ಸಾಧಿಸಿದವನು. ನಮ್ಮ ಪೂರ್ವಿಕರು ಮಾಯೆಯಿರುವ ಕಥೆಗೆ ಹೆದರಲಿಲ್ಲ. ಅವರ ಎಚ್ಚರವಿದ್ದುದು ಬೇರೆ ಕಡೆ. ಜೈನ ರಾಮಕಥೆಯ ಈ ಪರಂಪರೆಯಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಆ ಕೊಂದ ಲಕ್ಷ್ಮಣನಿಗೆ ನರಕವೂ ತಪ್ಪುವುದಿಲ್ಲ. ಖಳನ ವಧೆಯಾಯಿತೆಂದು ಚಪ್ಪಾಳೆ ತಟ್ಟಿ ಕಥೆ ಮುಗಿಯುವುದಿಲ್ಲ, ವಧೆಯ ಲೆಕ್ಕ ಬರೆದು ಮುಗಿಯುತ್ತದೆ.

ಇನ್ನೊಂದು ಪಕ್ಷದವರು ಎದುರಾಗಿ ಹೇಳುತ್ತಾರೆ: "ಇದೆಲ್ಲ ಬರಿಯ ಕಲ್ಪನೆ. ಇಲ್ಲದ ಡ್ರ್ಯಾಗನ್ ಸತ್ತರೆ ಯಾವ ಜೀವಕ್ಕೆ ಬಾಧೆ?" ಈ ಮಾತನ್ನು ಬೇರೆಯವರು ಆಡಬಹುದು, ಜನ್ನನನ್ನು ಓದಿದ ಮನೆಯವರು ಆಡಲಾಗದು. 1209ರ ಯಶೋಧರ ಚರಿತೆಯಲ್ಲಿ ಬಲಿಯಾದದ್ದು ಹಿಟ್ಟಿನ ಹುಂಜ. ಅದರಲ್ಲಿ ರಕ್ತವಿರಲಿಲ್ಲ, ಪ್ರಾಣವಿರಲಿಲ್ಲ. ಆದರೂ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಆ ಸಂಕಲ್ಪಹಿಂಸೆಯ ಫಲವಾಗಿ ಪಶುಪಕ್ಷಿಗಳ ಜನ್ಮಗಳಲ್ಲಿ ತೊಳಲಿದರು. ಕಲ್ಪನೆಯಲ್ಲಿ ಕತ್ತಿ ಎತ್ತಿದ್ದಕ್ಕೂ ಬೆಲೆಯಿದೆ ಎಂದು ಇಷ್ಟು ಖಂಡಿತವಾಗಿ ಹೇಳಿದ ಕೃತಿಗಳು ಹೆಚ್ಚಿಲ್ಲ.

ಹಾಗಾದರೆ ಕೇಳಬೇಕಾದದ್ದು ಡ್ರ್ಯಾಗನ್ ಉಂಟೋ ಇಲ್ಲವೋ ಎಂದಲ್ಲ, ಅದರೊಡನೆ ಕಥೆ ಹೇಗೆ ನಡೆದುಕೊಳ್ಳುತ್ತದೆ ಎಂದು. 2000ದಲ್ಲಿ ಬಂದ ನಾಲ್ಕನೆಯ ಹ್ಯಾರಿ ಪಾಟರ್ ಪುಸ್ತಕವನ್ನೇ ನೋಡಿ. ಶಾಲೆಗಳ ನಡುವಣ ಒಂದು ಪಂದ್ಯಕ್ಕಾಗಿ ಕಾವು ಕೂತ ನಾಲ್ಕು ತಾಯಿ ಡ್ರ್ಯಾಗನ್‌ಗಳನ್ನು ತಂದು ನಿಲ್ಲಿಸುತ್ತಾರೆ. ಅವುಗಳ ಮೊಟ್ಟೆಗಳ ನಡುವೆ ಇಟ್ಟ ಚಿನ್ನದ ಮೊಟ್ಟೆಯನ್ನು ಸ್ಪರ್ಧಿಗಳು ಕದ್ದು ತರಬೇಕು. ಸುತ್ತಲೂ ಕೇಕೆ ಹಾಕುವ ಜನ. ಒಬ್ಬ ಸ್ಪರ್ಧಿ ಡ್ರ್ಯಾಗನ್ನಿನ ಕಣ್ಣಿಗೆ ಮಂತ್ರ ಹೊಡೆಯುತ್ತಾನೆ. ನೋವಿನಿಂದ ಕಂಗೆಟ್ಟ ತಾಯಿ ತನ್ನದೇ ಮೊಟ್ಟೆಗಳಲ್ಲಿ ಅರ್ಧದಷ್ಟನ್ನು ತುಳಿದು ನಾಶಮಾಡುತ್ತದೆ. ಇದಕ್ಕೆ ಕಥೆಯಲ್ಲಿ ಆಗುವ ಶಿಕ್ಷೆ? ಕೆಲವು ಅಂಕಗಳ ಕಡಿತ! ಅಷ್ಟರಲ್ಲಿ ಕಥೆ ಮುಂದಿನ ಸಂಭ್ರಮಕ್ಕೆ ಓಡಿರುತ್ತದೆ. ನನ್ನ ಆಕ್ಷೇಪ ಇಲ್ಲಿದೆ. ಬಂಧುವರ್ಗದ ಹತ್ತು ವರ್ಷದ ಹುಡುಗಿಯೊಬ್ಬಳು ಇದನ್ನು ಓದಿ, "ಉಳಿದ ಮೊಟ್ಟೆಗಳು ಏನಾದವು?" ಎಂದು ಕೇಳಿದಳು. ಲೇಖಕಿ ಉತ್ತರಿಸಿಲ್ಲ. ಪುಸ್ತಕವನ್ನು ತೆಗೆದುಹಾಕಿದ ನಮ್ಮ ಸಮಿತಿಗೆ ಆ ಪ್ರಶ್ನೆಯೇ ಹೊಳೆದಿರಲಿಲ್ಲ.

ಅದೇ ಲೇಖಕಿ 2007ರ ಕೊನೆಯ ಪುಸ್ತಕದಲ್ಲಿ ಬ್ಯಾಂಕಿನ ನೆಲಮಾಳಿಗೆಯಲ್ಲಿ ಸರಪಳಿ ಬಿಗಿದು ಕಾವಲಿಗೆ ನಿಲ್ಲಿಸಿದ, ಕಣ್ಣು ಮಂದವಾದ ಡ್ರ್ಯಾಗನ್ ಒಂದನ್ನು ಚಿತ್ರಿಸುತ್ತಾರೆ. ಲೋಹದ ಸದ್ದು ಕೇಳಿದೊಡನೆ ನೋವು ಬರುವುದೆಂದು ಕಲಿಸಲ್ಪಟ್ಟ ಪ್ರಾಣಿ ಅದು, ಸದ್ದಾದರೆ ನಡುಗಿ ಹಿಂದೆ ಸರಿಯುತ್ತದೆ. ಮಕ್ಕಳು ಅದರ ಸರಪಳಿ ಕಡಿಯುತ್ತಾರೆ. ತಾವು ಪಾರಾಗಲೆಂದೇ ಕಡಿಯುತ್ತಾರೆ, ನಿಜ. ಆದರೂ ಸರ್ಕಸ್ಸಿನ ಆನೆಯನ್ನು ಕಂಡು ನಕ್ಕವರಾರೂ ಆ ಪುಟವನ್ನು ಸುಲಭವಾಗಿ ದಾಟಲಾರರು. ಸುಡಲು ಹೊರಟವರು ಸುಟ್ಟದ್ದು ಇಂಥ ಕರುಣೆ ಮುಂದೆ ಹುಟ್ಟಲಿದ್ದ ಕಥೆಯನ್ನು.

ಟೋಲ್ಕಿನ್‌ನ 1937ರ 'ಹಾಬಿಟ್' ಕಾದಂಬರಿಯಲ್ಲಿ ಡ್ರ್ಯಾಗನ್ ಸಾಯುವುದು ಊರನ್ನು ಸುಡುತ್ತಿರುವಾಗ. ಅದನ್ನು ಗೃಹಸ್ಥನ ವಿರೋಧೀ ಹಿಂಸೆ ಎನ್ನಬಹುದು. ಆದರೆ ಸತ್ತ ಡ್ರ್ಯಾಗನ್ನಿನ ನಿಧಿಗಾಗಿ ಸೇನೆಗಳು ಬಂದು ನಿಲ್ಲುತ್ತವೆ. ಪರಿಗ್ರಹವೆಂದರೇನೆಂದು ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ತೋರಿಸಿದ ಪಾಠವನ್ನು ನಾನು ಕಂಡಿಲ್ಲ, ನಮ್ಮ ಪಾಠಪುಸ್ತಕಗಳನ್ನೂ ಸೇರಿಸಿ ಹೇಳುತ್ತೇನೆ. ಉರ್ಸುಲಾ ಲ ಗ್ವಿನ್ ಅವರ 1968ರ ಅರ್ಥ್‌ಸೀ ಕಾದಂಬರಿಯ ಗೆಡ್ ಮರಿ ಡ್ರ್ಯಾಗನ್‌ಗಳನ್ನು ಕೊಲ್ಲುತ್ತಾನೆ. ಆ ಭಾಗ ನನಗೆ ಒಪ್ಪಿಗೆಯಿಲ್ಲ. ಹಿರಿಯ ಡ್ರ್ಯಾಗನ್ನನ್ನು ಮಾತ್ರ ಅವನು ಕೊಲ್ಲದೆ, ಅದರ ನಿಜನಾಮವನ್ನು ಹಿಡಿದು ಪ್ರತಿಜ್ಞೆಗೆ ಕಟ್ಟುತ್ತಾನೆ. ಕೊನೆಗೆ ತನ್ನನ್ನು ಅಟ್ಟಿಸಿಕೊಂಡು ಬಂದ ನೆರಳನ್ನು ತನ್ನ ಹೆಸರಿನಿಂದಲೇ ಕರೆಯುತ್ತಾನೆ. ಶತ್ರು ಹೊರಗಿಲ್ಲವೆಂಬುದನ್ನು ನಾವು ಪ್ರವಚನಗಳಲ್ಲಿ ಎಷ್ಟು ಸಲ ಕೇಳಿಲ್ಲ!

ಈಗ ಪಾಲಕರಿಗೊಂದು ಮಾತು. ಈ ಪುಸ್ತಕಗಳನ್ನು ತೆಗೆಸಿದ ಮನೆಗಳಲ್ಲಿಯೇ ಮಕ್ಕಳು ಮೊಬೈಲಿನಲ್ಲಿ ಗುಂಡು ಹಾರಿಸಿ ಎಣಿಕೆ ಏರಿಸುವ ಆಟವನ್ನು ಆಡುತ್ತಿರುತ್ತಾರೆ. ಅಲ್ಲಿ ಮಂತ್ರವಿಲ್ಲ, ಆದ್ದರಿಂದ ಯಾರಿಗೂ ಅಭ್ಯಂತರವಿಲ್ಲ. ಅಲ್ಲಿ ಬೀಳುವ ಮನುಷ್ಯಾಕೃತಿಗಳು ಹಿಟ್ಟಿನ ಹುಂಜಗಳಲ್ಲದೆ ಮತ್ತೇನು?

ಸಮಿತಿಯ ಮುಂದಿನ ಸಭೆಯಲ್ಲಿ ಹಿಂದಿನ ನಿರ್ಣಯವನ್ನು ರದ್ದುಪಡಿಸುವ ಸೂಚನೆಯನ್ನು ನಾನೇ ಮಂಡಿಸಲಿದ್ದೇನೆ. ಅನುಮೋದಿಸುವವರು ಸಿಗುವರೋ ಇಲ್ಲವೋ ತಿಳಿಯದು. ಸಭೆಗೆ ಆ ಹುಡುಗಿಯನ್ನೂ ಕರೆದೊಯ್ದು, ಮೊಟ್ಟೆಗಳ ಪ್ರಶ್ನೆಯನ್ನು ಅವಳಿಂದಲೇ ಕೇಳಿಸುವ ಯೋಚನೆಯಿದೆ.