ಏನು ಐವತ್ತು?

ಬೈಲಹೊಂಗಲದಲ್ಲಿ ಬೇಸಿಗೆ ಬಂತೆಂದರೆ ಔಷಧದಂಗಡಿಗಳ ಗಾಜಿನ ಹಿಂದೆ ಸನ್‌ಸ್ಕ್ರೀನ್ ಟ್ಯೂಬುಗಳು ಸಾಲಾಗಿ ನಿಲ್ಲುತ್ತವೆ. ಒಂದರ ಮೇಲೆ 30, ಇನ್ನೊಂದರ ಮೇಲೆ 50. ಒಂಬತ್ತನೆಯ ಇಯತ್ತೆಯ ಹುಡುಗಿಯರಿಗೂ ಈ ಅಂಕಿಗಳು ಬಾಯಿಪಾಠ. ಏನು ಐವತ್ತು ಎಂದು ಕೇಳಿ ನೋಡಿ. ಮಾರುವವರಿಗೂ ಗೊತ್ತಿಲ್ಲ, ಕೊಳ್ಳುವವರಿಗೂ ಗೊತ್ತಿಲ್ಲ.

ಕನಿಷ್ಠ ಹತ್ತು ಜನರ ಬೆನ್ನಿನ ಮೇಲೆ, ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂನಂತೆ ಲೇಪ ಹಚ್ಚಿ, ದೀಪದಿಂದ ಅತಿನೇರಳೆ ಕಿರಣ ಬಿಡುತ್ತಾರೆ. ಮರುದಿನ ಚರ್ಮ ಕೆಂಪಾಗಿದೆಯೇ ನೋಡುತ್ತಾರೆ. ಬರಿಯ ಚರ್ಮ ಕೆಂಪಾಗಲು ಬೇಕಾದ ಕಿರಣದ ಐವತ್ತು ಪಟ್ಟು ಬೇಕಾಯಿತೆಂದರೆ ಅದು ಎಸ್‌ಪಿಎಫ್ 50.

ಈಗ ಲೆಕ್ಕ ಹಾಕಿ. ಮುಖದ ಮೈ ಸುಮಾರು 600 ಚದರ ಸೆಂಟಿಮೀಟರ್ ಎಂದು ಹಿಡಿದರೆ ಒಂದು ಸಲಕ್ಕೆ 1.2 ಗ್ರಾಂ ಬೇಕು. ಹೊರಗೆ ದುಡಿಯುವವರು ಎರಡು ತಾಸಿಗೊಮ್ಮೆ ಹಚ್ಚಬೇಕು. ದಿನಕ್ಕೆ ಐದು ಸಲವೆಂದರೆ 6 ಗ್ರಾಂ. 50 ಗ್ರಾಂ ಟ್ಯೂಬು ಎಂಟು ದಿನಕ್ಕೆ ಖಾಲಿ. ಕುತ್ತಿಗೆ, ಕೈಗಳನ್ನು ನಾನು ಇನ್ನೂ ಹಿಡಿದಿಲ್ಲ. ನಮ್ಮ ಹುಡುಗಿಯರು ಅದೇ ಟ್ಯೂಬನ್ನು ಮೂರು ತಿಂಗಳು ಕಡಲೆಕಾಳಿನಷ್ಟು ಹಚ್ಚುತ್ತಾರೆ. ಅರ್ಧ ಹಚ್ಚಿದರೆ ರಕ್ಷಣೆ ಅರ್ಧಕ್ಕೋ ಅದಕ್ಕಿಂತ ಕೆಳಗೋ ಇಳಿಯುತ್ತದೆ. ಕೊಟ್ಟ ದುಡ್ಡು ಮಾತ್ರ ಐವತ್ತರದು.

ಇನ್ನೊಂದು ಮಾತು ನನಗೆ ಹೆಚ್ಚು ಸಿಟ್ಟು ತರಿಸುತ್ತದೆ. ಕೆಂಪಾದದ್ದು ಕಣ್ಣಿಗೆ ಕಾಣಬೇಕಲ್ಲ, ಅದಕ್ಕೇ ಈ ಪರೀಕ್ಷೆಗೆ ತಿಳಿಬಣ್ಣದ ಚರ್ಮದವರನ್ನೇ ಆರಿಸುತ್ತಾರೆ. ಸವದತ್ತಿ, ರಾಮದುರ್ಗದ ಹೊಲಗಳಲ್ಲಿ ಕಳೆ ತೆಗೆಯುವ ಕಪ್ಪುಬಣ್ಣದವಳಿಗೆ ಅಲ್ಲಿ ಜಾಗವಿಲ್ಲ. ಅವಳ ಚಿಂತೆ ಕೆಂಪಿನದೂ ಅಲ್ಲ, ಬಂಗಿನದು. ಬಂಗು ಹೆಚ್ಚಾಗಲು ಚರ್ಮ ಸುಡುವ ಕಿರಣವಷ್ಟೇ ಅಲ್ಲ, ಆಳಕ್ಕಿಳಿಯುವ ಯುವಿಎ ಕಿರಣವೂ, ಕಣ್ಣಿಗೆ ಕಾಣುವ ಬೆಳಕೂ ಕಾರಣ. ಅವುಗಳ ಲೆಕ್ಕವನ್ನು ಆ 50 ಹೇಳುವುದಿಲ್ಲ.

2025ರ ಏಪ್ರಿಲ್‌ನಲ್ಲಿ ಲ್ಯಾಕ್ಮೆ ಮತ್ತು ಡರ್ಮಾ ಕೋ ಬ್ರ್ಯಾಂಡುಗಳ ಒಡೆಯರು ದಿಲ್ಲಿ ಹೈಕೋರ್ಟಿನಲ್ಲಿ ಎದುರುಬದುರಾದರು. ಆನ್‌ಲೈನಿನಲ್ಲಿ ಜೋರು ಮಾರಾಟವಾಗುವ ಕೆಲವು ಟ್ಯೂಬುಗಳಲ್ಲಿ 50 ಎಂದಿದ್ದರೂ ಇರುವುದು 20 ಎಂಬ ಧಾಟಿಯಲ್ಲಿ ಲ್ಯಾಕ್ಮೆಯ ಜಾಹೀರಾತಿತ್ತು. ಕೋರ್ಟಿನಲ್ಲಿ ಅದನ್ನು ಬದಲಿಸಲು ಒಪ್ಪಿದರು. ಜಗಳವೆಲ್ಲ ಅಂಕಿಯದು. ಹಚ್ಚಿಕೊಳ್ಳುವವಳ ಪಾಲಿಗೆ ಅದರಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಅಲ್ಲಿಯ ತಕರಾರಲ್ಲ.

"ಅಕ್ಕೋರ, ಹಂಗಾದ್ರ ಹಚ್ಚೂದ ಬ್ಯಾಡೇನ್ರಿ?" ಎಂದು ಹುಡುಗಿಯರು ಕೇಳುತ್ತಾರೆ. ಹಚ್ಚಿರಿ, ಅಳತೆಗೆ ತಕ್ಕಷ್ಟು ಹಚ್ಚಿರಿ. ಆದರೆ ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಸುತ್ತಿಕೊಂಡು ಹೊಲಕ್ಕೆ ಹೋಗುವ ಅವ್ವನನ್ನು ನೋಡಿ ನಗಬೇಡಿರಿ. ಒತ್ತು ನೇಯ್ಗೆಯ ಬಟ್ಟೆ ಒಳ್ಳೆಯ ಆಸರೆ, ಎರಡು ತಾಸಿಗೊಮ್ಮೆ ಹಚ್ಚುವ ಕೆಲಸವೂ ಇಲ್ಲ.

ಕಂಪನಿಯವರು 50ರಷ್ಟೇ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ, ಮುಖಕ್ಕೆ ಒಂದು ಸಲಕ್ಕೆ ಎಷ್ಟು ಗ್ರಾಂ ಎಂದು ಟ್ಯೂಬಿನ ಮೇಲೆ ಬರೆಯಲಿ. ನಮ್ಮ ಬಣ್ಣದ ಚರ್ಮದ ಮೇಲೂ ಅಳೆದು ತೋರಿಸಲಿ. ಅಲ್ಲಿಯವರೆಗೆ ಗಣಿತದ ತಾಸಿನಲ್ಲಿ ಈ ಲೆಕ್ಕವನ್ನು ನಾನು ಮಾಡಿಸುವವಳೇ, ಅಂಗಡಿಯವರು ಸಿಟ್ಟಾದರೂ ಸರಿ.