ಆ್ಯಂಟಿವೈರಸ್ ತೆಗೆದುಹಾಕಿದರೆ ವಿಮಾನದ ಗೇಮ್ ಜೋರಾಗಿ ಓಡುತ್ತದಾ?

"ಗೇಮ್ ಹ್ಯಾಂಗ್ ಆಗ್ತಿದ್ಯಾ? ಆ್ಯಂಟಿವೈರಸ್ ಅನ್‌ಇನ್‌ಸ್ಟಾಲ್ ಮಾಡಿ, ಸ್ಪೀಡ್ ಡಬಲ್ ಆಗುತ್ತೆ. ನಿಮ್ಮ ಎಲ್ಲ ಗ್ರೂಪ್‌ಗೂ ಕಳಿಸಿ." ಈ ಧಾಟಿಯ ಸಂದೇಶವನ್ನು ನೀವೂ ನೋಡಿರಬಹುದು. ಸಕಲೇಶಪುರ, ಆಲೂರು ಕಡೆಯಲ್ಲಿ ಆನೆ ಯಾವ ತೋಟದ ಹತ್ತಿರ ಇದೆ ಎಂಬ ಸುದ್ದಿಯೂ ಮೊಬೈಲಿಗೇ ಬರುತ್ತದೆ, ಅದನ್ನು ನಂಬಲೇಬೇಕು. ಅದೇ ಮೊಬೈಲಿಗೆ ಬರುವ ಈ ಗೇಮ್ ಸಲಹೆಯನ್ನೂ ಹಾಗೇ ನಂಬಬಹುದೇ? ಇದರಲ್ಲಿ ಸ್ವಲ್ಪ ನಿಜ ಇದೆ, ಅದಕ್ಕೇ ಜನ ನಂಬುತ್ತಾರೆ.

ಮೊದಲು ಗೇಮಿನ ವಿಷಯ. ಮಂಗಳೂರಿನ ಬಜ್ಪೆಯಿಂದ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಭೂಪಟದಲ್ಲಿ ನೇರ ಗೆರೆ ಎಳೆದರೆ ಅದು ಸಕಲೇಶಪುರ ಮತ್ತು ಆಲೂರಿನ ಸ್ವಲ್ಪ ಉತ್ತರಕ್ಕೆ ಹಾದುಹೋಗುತ್ತದೆ. ಫ್ಲೈಟ್ ಸಿಮ್ಯುಲೇಟರ್ ಆಡುವ ನಮ್ಮ ಹುಡುಗರಿಗೆ ಈ ದಾರಿ ಇಷ್ಟ. ಶಿರಾಡಿ ಘಾಟಿಯ ಕಾಡು ದಾಟಿ, ಹೇಮಾವತಿ ಹೊಳೆ ನೋಡಿ, ಟಿಪ್ಪು 1792ರಲ್ಲಿ ಕಟ್ಟಿಸಿ ಮುಗಿಸಿದ ಮಂಜರಾಬಾದ್ ಕೋಟೆಯ ಎಂಟು ಮೂಲೆಯ ನಕ್ಷತ್ರವನ್ನು ಮೇಲಿನಿಂದ ಹುಡುಕುವುದೇ ಒಂದು ಆಟ. ಆದರೆ ಸರಿಯಾಗಿ ಘಾಟಿ ಹತ್ತುವಾಗಲೇ ಚಿತ್ರ ತಡವರಿಸುತ್ತದೆ. ಆಗ ನೆನಪಾಗುವುದೇ ಆ ಫಾರ್ವರ್ಡ್.

ಆ್ಯಂಟಿವೈರಸ್ ಏನು ಮಾಡುತ್ತದೆ? ಆರ್‌ಎಂಸಿ ಗೇಟಿನಲ್ಲಿ ಪ್ರತಿ ಚೀಲವನ್ನೂ ತಡೆದು ನೋಡುವ ಕಾವಲುಗಾರನಂತೆ ಅದು. ಯಾವುದೇ ಪ್ರೋಗ್ರಾಂ ಒಂದು ಫೈಲ್ ತೆರೆಯಲು ಹೊರಟರೆ, ವಿಂಡೋಸ್ ಆ ಫೈಲನ್ನು ಮೊದಲು ಆ್ಯಂಟಿವೈರಸ್ ಕೈಗೆ ಕೊಡುತ್ತದೆ. ಅದು ನೋಡಿ ಸರಿ ಎಂದ ಮೇಲೆ ಫೈಲ್ ತೆರೆದುಕೊಳ್ಳುತ್ತದೆ. ಒಂದು ಫೈಲಿಗೆ ತಗಲುವ ಸಮಯ ತೀರಾ ಕಡಿಮೆ. ಆದರೆ ವಿಮಾನದ ಗೇಮ್ ತೆರೆಯುವುದು ಒಂದೆರಡು ಫೈಲನ್ನಲ್ಲ. ಗುಡ್ಡದ ಆಕಾರ, ಮರ, ಮನೆ, ಕಾಕ್‌ಪಿಟ್‌ನ ಒಂದೊಂದು ಗುಂಡಿಯ ಚಿತ್ರ ಎಲ್ಲಕ್ಕೂ ಬೇರೆ ಬೇರೆ ಫೈಲ್. ಸಾವಿರಾರು ಸಣ್ಣ ಫೈಲುಗಳು ಸೇರಿದಾಗ ಗೇಮ್ ಶುರುವಾಗುವ ಹೊತ್ತು ಖಂಡಿತ ಉದ್ದವಾಗುತ್ತದೆ. ಒಮ್ಮೆ ನೋಡಿದ, ಬದಲಾಗದ ಫೈಲನ್ನು ಒಳ್ಳೆಯ ಆ್ಯಂಟಿವೈರಸ್ ನೆನಪಿಟ್ಟುಕೊಂಡು ಪದೇ ಪದೇ ನೋಡುವುದಿಲ್ಲ. ಹೊಸದಾಗಿ ಬರುವ ಫೈಲನ್ನು ಮಾತ್ರ ನೋಡಲೇಬೇಕು.

ಇಲ್ಲೇ ಇರುವುದು ಸೂಕ್ಷ್ಮ. 2020ರ ಆಗಸ್ಟ್ 18ರಂದು ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, ಬಿಂಗ್ ಮ್ಯಾಪ್ಸ್‌ನ ಉಪಗ್ರಹ ಚಿತ್ರಗಳನ್ನು ನೀವು ಹಾರುತ್ತಿರುವಾಗಲೇ ಇಂಟರ್‌ನೆಟ್‌ನಿಂದ ಇಳಿಸಿಕೊಳ್ಳುತ್ತದೆ. ಅಂದರೆ ಹಾರಾಟದ ನಡುವೆಯೂ ಹೊಸ ಮಾಹಿತಿ ಡಿಸ್ಕಿನ ಕ್ಯಾಷ್‌ಗೆ ಬರುತ್ತಲೇ ಇರುತ್ತದೆ, ಆ್ಯಂಟಿವೈರಸ್ ಅದನ್ನೂ ನೋಡುತ್ತಿರಬಹುದು. ಸೆಕೆಂಡಿಗೆ 30 ಚಿತ್ರ ತೋರಿಸಬೇಕಾದರೆ ಒಂದೊಂದು ಚಿತ್ರಕ್ಕೆ ಸಿಗುವುದು ಸುಮಾರು 33 ಮಿಲಿಸೆಕೆಂಡ್. ಮಧ್ಯೆ ಎಲ್ಲೋ 100 ಮಿಲಿಸೆಕೆಂಡ್ ತಡೆಯಾದರೆ ಮೂರು ಚಿತ್ರ ಹೋಯಿತು. ಸರಾಸರಿ ಎಫ್‌ಪಿಎಸ್ ನೋಡಿದರೆ ಏನೂ ಕಾಣುವುದಿಲ್ಲ, ಕಣ್ಣಿಗೆ ಮಾತ್ರ ವಿಮಾನ ಜರ್ಕ್ ಹೊಡೆದಂತೆ ಕಾಣುತ್ತದೆ. ಹಾಗಾಗಿ ಆ್ಯಂಟಿವೈರಸ್ ತಡವರಿಕೆ ತರಬಹುದು ಎನ್ನುವುದು ಸರಿ. ಅದನ್ನು ತೆಗೆದರೆ ಸ್ಪೀಡ್ ಡಬಲ್ ಎನ್ನುವುದು ಮಾತ್ರ ಸುಳ್ಳು.

ಯಾಕೆಂದರೆ ಇಂಥ ಗೇಮ್‌ಗಳ ಮುಖ್ಯ ಲೆಕ್ಕಾಚಾರವೆಲ್ಲ ಹೆಚ್ಚಾಗಿ ಪ್ರೊಸೆಸರಿನ ಒಂದೇ ಕೋರ್ ಮೇಲೆ ಬೀಳುತ್ತದೆ. ಆರೆಂಟು ಕೋರ್ ಇರುವ ಈಗಿನ ಕಂಪ್ಯೂಟರಿನಲ್ಲಿ ಆ್ಯಂಟಿವೈರಸ್ ಬೇರೆ ಕೋರ್ ಹಿಡಿದು ಕೆಲಸ ಮಾಡಿಕೊಳ್ಳುತ್ತದೆ, ಇಬ್ಬರಿಗೂ ಜಗಳವಿಲ್ಲ. ಒಂದೋ ಎರಡೋ ಕೋರ್, ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಜಗಳ ಜೋರು. 2006ರಲ್ಲಿ ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ಬಂದಾಗ ಹೆಚ್ಚಿನವರ ಮನೆಯಲ್ಲಿದ್ದದ್ದು ಅಂಥದ್ದೇ ಯಂತ್ರ. ಆಗ ಹುಟ್ಟಿದ ಸಲಹೆ, ಯಂತ್ರ ಬದಲಾದರೂ ಹಾಗೇ ಉಳಿದುಕೊಂಡಿದೆ.

ಇನ್ನೊಂದು ಮೋಸವೂ ಇದೆ, ಇದನ್ನು ನಾವೇ ನಮಗೆ ಮಾಡಿಕೊಳ್ಳುವುದು. ಗೇಮ್ ನಿಧಾನವಾಯಿತು, ಮುಚ್ಚಿದಿರಿ. ಆ್ಯಂಟಿವೈರಸ್ ಆಫ್ ಮಾಡಿ ಮತ್ತೆ ತೆರೆದಿರಿ. ಈ ಸಲ ಬೇಗ ಬಂತು! ಆದರೆ ಎರಡನೇ ಸಲ ಹೇಗಿದ್ದರೂ ಬೇಗ ಬರುತ್ತಿತ್ತು. ಮೊದಲ ಸಲ ಓದಿದ ಫೈಲುಗಳು ಇನ್ನೂ ರ‍್ಯಾಮ್‌ನಲ್ಲೇ ಕೂತಿರುತ್ತವೆ. ನಿಜವಾಗಿ ಪರೀಕ್ಷೆ ಮಾಡಬೇಕೆಂದರೆ ಪ್ರತಿ ಸಲವೂ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಅದೇ ವಿಮಾನ, ಅದೇ ದಾರಿ, ಅದೇ ಹವಾಮಾನ ಇಟ್ಟು ಹೋಲಿಸಬೇಕು. ಅಷ್ಟು ತಾಳ್ಮೆ ಯಾರಿಗಿದೆ ಹೇಳಿ.

ಮಲೆನಾಡಿನಲ್ಲಿ ಗೇಮ್ ನಿಧಾನವಾಗಲು ಬೇರೆಯೇ ಕಾರಣಗಳಿವೆ. ಮಳೆಗಾಲದಲ್ಲಿ ಕರೆಂಟ್ ಹೋದ ಕೂಡಲೇ ಲ್ಯಾಪ್‌ಟಾಪ್ ಬ್ಯಾಟರಿಗೆ ಬರುತ್ತದೆ, ಬ್ಯಾಟರಿ ಉಳಿಸಲು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡೂ ತಾವೇ ವೇಗ ತಗ್ಗಿಸುತ್ತವೆ. ಇಂಟರ್‌ನೆಟ್ ಇನ್ನೊಂದು ತಾಪತ್ರಯ. 2020ರ ಗೇಮಿಗೆ 20 ಎಂಬಿಪಿಎಸ್ ಇದ್ದರೆ ಒಳ್ಳೆಯದು ಎಂದು ಕಂಪನಿ ಹೇಳಿತ್ತು. 2024ರ ನವೆಂಬರ್‌ನಲ್ಲಿ ಬಂದ ಹೊಸ ಆವೃತ್ತಿಗೆ ಅದೇ ಸಲಹೆ 50 ಎಂಬಿಪಿಎಸ್‌ಗೆ ಏರಿತು. ಬಿಸಿಲೆ ಕಡೆಯ ತೋಟದ ಮನೆಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಇಟ್ಟುಕೊಂಡು ಆಡುವವರಿಗೆ ಗುಡ್ಡ ಮಸುಕಾಗಿ ಕಂಡರೆ ಆ್ಯಂಟಿವೈರಸನ್ನು ಬೈದು ಪ್ರಯೋಜನವಿಲ್ಲ.

ಹಾಗಿದ್ದರೂ ಆಫ್ ಮಾಡಿ ನೋಡೋಣ, ಹೋಗುವುದೇನು ಅನ್ನಿಸಬಹುದು. ಹೋಗುವುದು ಬಹಳ ಇದೆ. ಮಗ ರಾತ್ರಿ ವಿಮಾನ ಹಾರಿಸುವ ಕಂಪ್ಯೂಟರಿನಲ್ಲೇ ಬೆಳಿಗ್ಗೆ ಅಪ್ಪ ಕಾಫಿ ಲೆಕ್ಕ ಬರೆಯುತ್ತಾರೆ, ನೆಟ್ ಬ್ಯಾಂಕಿಂಗ್ ಮಾಡುತ್ತಾರೆ. 2018ರ ಫೆಬ್ರವರಿಯಲ್ಲಿ ನಡೆದದ್ದನ್ನು ಕೇಳಿ. ಫ್ಲೈಟ್ ಸಿಮ್ ಲ್ಯಾಬ್ಸ್ ಎಂಬ ಕಂಪನಿ ಮಾರುತ್ತಿದ್ದ ಏರ್‌ಬಸ್ ಎ320 ಆ್ಯಡ್‌ಆನ್‌ನ ಇನ್‌ಸ್ಟಾಲರ್ ಒಳಗೆ, ಕ್ರೋಮ್ ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಎತ್ತುವ ಪ್ರೋಗ್ರಾಂ ಒಂದು ಸಿಕ್ಕಿತು. ಕಳ್ಳ ಪ್ರತಿ ಬಳಸುವವರನ್ನು ಹಿಡಿಯಲು ಮಾತ್ರ ಅದನ್ನು ಹಾಕಿದ್ದೆವು ಎಂದು ಕಂಪನಿ ಹೇಳಿತು, ಗಲಾಟೆಯಾದ ಮೇಲೆ ತೆಗೆಯಿತು. ಆದರೆ ದುಡ್ಡು ಕೊಟ್ಟು ಕೊಂಡವರ ಕಂಪ್ಯೂಟರಿಗೂ ಆ ಫೈಲ್ ಹೋಗಿತ್ತು. ದುಡ್ಡು ಕೊಟ್ಟು ತಂದದ್ದರಲ್ಲೇ ಹೀಗೆ, ಇನ್ನು ಟೆಲಿಗ್ರಾಂನಲ್ಲಿ ಪುಕ್ಕಟೆ ಸಿಗುವ ಕ್ರ್ಯಾಕ್ ಗೇಮಿನಲ್ಲಿ ಏನಿದೆ ಎಂದು ಯಾರು ಬಲ್ಲರು? ಅಂಥ ಗೇಮಿನ ಜೊತೆಗೇ "ಮೊದಲು ಆ್ಯಂಟಿವೈರಸ್ ಆಫ್ ಮಾಡಿ" ಎಂಬ ಸೂಚನೆಯೂ ಬರುತ್ತದೆ. ಆ ಸಾಲು ಕಂಡರೆ ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಮದುವೆ ಕರೆಯೋಲೆ, ಟ್ರಾಫಿಕ್ ಚಲನ್ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲುಗಳ ಕಥೆಯೂ ಇದೇ ಜಾತಿಯದ್ದು.

ಹಾಗಾದರೆ ಮಾಡುವುದೇನು? ಗೇಮ್ ತಡವರಿಸುವಾಗ ಟಾಸ್ಕ್ ಮ್ಯಾನೇಜರ್ ತೆರೆದು ಸಿಪಿಯು ಮತ್ತು ಡಿಸ್ಕ್ ಕಾಲಂ ನೋಡಿ. ವಿಂಡೋಸ್‌ನದೇ ಡಿಫೆಂಡರ್ ಅಲ್ಲಿ "ಆ್ಯಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್" ಎಂಬ ಹೆಸರಿನಲ್ಲಿ ಕಾಣುತ್ತದೆ. ಅದು ಮೇಲೆಯೇ ಕೂತಿದ್ದರೆ ಪೂರ್ತಿ ಸ್ಕ್ಯಾನ್ ನಡೆಯುತ್ತಿರಬಹುದು. ಅದು ಮುಗಿಯಲು ಬಿಡಿ, ಅಥವಾ ಸ್ಕ್ಯಾನ್ ಹೊತ್ತನ್ನು ಆಡದ ಸಮಯಕ್ಕೆ ಬದಲಿಸಿ. ಎರಡು ಕಂಪನಿಯ ಆ್ಯಂಟಿವೈರಸ್ ಒಟ್ಟಿಗೆ ಇದ್ದರೆ ಒಂದನ್ನು ತೆಗೆಯಿರಿ. ಇಬ್ಬರು ಕಾವಲುಗಾರರು ಒಂದೇ ಚೀಲ ಬಿಚ್ಚುವುದರಿಂದ ಲಾಭವಿಲ್ಲ.

ಇಷ್ಟರಿಂದಲೂ ಸರಿಹೋಗದಿದ್ದರೆ ವಿಂಡೋಸ್ ಸೆಕ್ಯುರಿಟಿಯಲ್ಲಿ ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್, ಅದರೊಳಗೆ ಮ್ಯಾನೇಜ್ ಸೆಟ್ಟಿಂಗ್ಸ್, ಕೆಳಗೆ ಎಕ್ಸ್‌ಕ್ಲೂಷನ್ಸ್ ಎಂದಿರುತ್ತದೆ. ಅಲ್ಲಿ ಅಂಗಡಿಯಿಂದ ಸರಿಯಾಗಿ ಕೊಂಡ ಗೇಮಿನ ಫೋಲ್ಡರ್ ಮತ್ತು ಅದರ ಕ್ಯಾಷ್ ಇಷ್ಟನ್ನೇ ಸೇರಿಸಿ, ಉಳಿದದ್ದಕ್ಕೆಲ್ಲ ಕಾವಲು ಇರಲಿ. ಡೌನ್‌ಲೋಡ್ಸ್ ಫೋಲ್ಡರನ್ನಾಗಲೀ ಪುಕ್ಕಟೆ ಆ್ಯಡ್‌ಆನ್ ಹಾಕುವ ಕಮ್ಯುನಿಟಿ ಫೋಲ್ಡರನ್ನಾಗಲೀ ಸೇರಿಸಬೇಡಿ. ಕೆಲವೊಮ್ಮೆ ಒಳ್ಳೆಯ ಆ್ಯಡ್‌ಆನ್‌ನ ಫೈಲನ್ನೂ ಆ್ಯಂಟಿವೈರಸ್ ತಪ್ಪಾಗಿ ಹಿಡಿದಿಡುತ್ತದೆ, ಆಗ ವಿಮಾನವೇ ತೆರೆದುಕೊಳ್ಳದೆ ಹೋಗಬಹುದು. ಮಾಡಿದವರ ಸ್ವಂತ ತಾಣದಿಂದ ಇಳಿಸಿದ್ದು ಎಂದು ಖಚಿತವಿದ್ದರೆ ಮಾತ್ರ ಆ ಒಂದು ಫೈಲಿಗೆ ಅನುಮತಿ ಕೊಡಿ. ಮುಂದೊಂದು ದಿನ ಗೇಮ್ ಅನ್‌ಇನ್‌ಸ್ಟಾಲ್ ಮಾಡಿದಾಗ ಈ ಪಟ್ಟಿ ತಾನಾಗಿ ಅಳಿಸಿಹೋಗುವುದಿಲ್ಲ, ನೀವೇ ಹೋಗಿ ಆ ಹೆಸರು ತೆಗೆಯಬೇಕು.