ಕಾಣದ ಗಣಿ, ಕಾಣಬೇಕಾದ ಲೆಕ್ಕ

ನಮ್ಮ ಕಾಸರಗೋಡಿನ ಕಡೆ ಗುಡ್ಡದ ಬದಿಯ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ಸುರಂಗವೆಂದರೆ ಏನೆಂದು ವಿವರಿಸಬೇಕಾಗಿಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ನುಸುಳುವಷ್ಟು ಅಗಲಕ್ಕೆ, ನೀರು ಸಿಗುವ ತನಕ ತೋಡುತ್ತ ಹೋಗುವುದು. ಹತ್ತು ಕೋಲಿಗೇ ನೀರು ಕಂಡ ಪುಣ್ಯವಂತರಿದ್ದಾರೆ. ನೂರು ಕೋಲು ತೋಡಿ, ಅಡಿಕೆ ಮಾರಿದ ಹಣವನ್ನೆಲ್ಲ ಮಣ್ಣಿಗೆ ಸುರಿದು, ಕೊನೆಗೆ ಒಣ ಸುರಂಗದ ಬಾಯಲ್ಲಿ ತಲೆಗೆ ಕೈಹೊತ್ತು ಕುಳಿತವರೂ ಇದ್ದಾರೆ. ಇಬ್ಬರ ದುಡಿಮೆಯೂ ಒಂದೇ. ದೊರೆತ ಫಲ ಮಾತ್ರ ಬೇರೆ.

ಕ್ರಿಪ್ಟೋ ನಾಣ್ಯದ ಗಣಿಗಾರಿಕೆ ಎಂಬ ಮಾತು ಈಚೆಗೆ ನಮ್ಮ ಹಳೆ ವಿದ್ಯಾರ್ಥಿಗಳ ಬಾಯಲ್ಲಿ ಕೇಳಿಬರುತ್ತಿದೆ. ಅದನ್ನು ಅರ್ಥಮಾಡಿಕೊಳ್ಳಲು ಹೊರಟಾಗ ನಮಗೆ ಮೊದಲು ನೆನಪಾದುದು ಈ ಸುರಂಗವೇ. ಈ ವಿಷಯ ಶಾಲಾ ಸಂಚಿಕೆಗೆ ತಕ್ಕುದೇ ಎಂದು ಹಿರಿಯರು ಹುಬ್ಬೇರಿಸಬಹುದು. ಮಕ್ಕಳ ಕೈಗೆ ಮೊಬೈಲ್ ಬಂದ ಮೇಲೆ ಯಾವ ವಿಷಯ ತಕ್ಕುದು, ಯಾವುದು ಅಲ್ಲ ಎಂದು ನಿರ್ಣಯಿಸುವ ಅಧಿಕಾರ ನಮ್ಮ ಕೈತಪ್ಪಿದೆ. ಅವರು ಹೇಗೂ ಕೇಳುತ್ತಾರೆ. ಸರಿಯಾಗಿ ಕೇಳಲಿ ಎಂಬುದಷ್ಟೇ ನಮ್ಮ ಆಸೆ.

ಬಿಟ್‌ಕಾಯಿನ್ ಎಂಬುದು 2009ರ ಜನವರಿಯಲ್ಲಿ ಚಾಲ್ತಿಗೆ ಬಂದ ನಾಣ್ಯ. ಅದಕ್ಕೆ ಟಂಕಸಾಲೆಯಿಲ್ಲ, ಅಧಿಪತಿಯಿಲ್ಲ. ಯಾರು ಯಾರಿಗೆ ಎಷ್ಟು ಕೊಟ್ಟರು ಎಂಬ ಲೆಕ್ಕದ ಪುಸ್ತಕ ಜಗತ್ತಿನಾದ್ಯಂತ ಸಾವಿರಾರು ಕಂಪ್ಯೂಟರುಗಳಲ್ಲಿ ಏಕಕಾಲದಲ್ಲಿ ಇರುತ್ತದೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಈ ಪುಸ್ತಕಕ್ಕೆ ಹೊಸದೊಂದು ಪುಟ ಸೇರಬೇಕು; ಆ ಪುಟಕ್ಕೆ ಬ್ಲಾಕ್ ಎಂದು ಹೆಸರು. ಪುಟ ಸೇರಿಸುವ ಹಕ್ಕು ಬೇಕಾದವನು ಒಂದು ಒಗಟನ್ನು ಬಿಡಿಸಬೇಕು. ಬುದ್ಧಿಯಿಂದ ಬಿಡಿಸುವ ಒಗಟಲ್ಲ ಅದು. ಸಂಖ್ಯೆಯ ಮೇಲೆ ಸಂಖ್ಯೆ ಹಾಕಿ ನೋಡುತ್ತ ಹೋಗುವ ಕುರುಡು ಹುಡುಕಾಟ. ಸಿಕ್ಕಿದವನಿಗೆ ಮೊದಲು 50 ನಾಣ್ಯ ಇನಾಮು ಇತ್ತು. ಸರಿಸುಮಾರು ನಾಲ್ಕು ವರ್ಷಕ್ಕೊಮ್ಮೆ ಅದು ಅರ್ಧವಾಗುತ್ತ, 2024ರ ಏಪ್ರಿಲಿನಲ್ಲಿ 3.125ಕ್ಕೆ ಇಳಿಯಿತು.

ಒಬ್ಬಂಟಿಯ ಗತಿ ಏನು? ನಾವೊಂದು ಲೆಕ್ಕ ಹಾಕಿ ನೋಡಿದೆವು. ಹತ್ತನೆಯ ತರಗತಿಯ ಮಕ್ಕಳೂ ಹಾಕಬಹುದಾದ ಲೆಕ್ಕವೇ. ಸೆಕೆಂಡಿಗೆ ನೂರು ಲಕ್ಷ ಕೋಟಿ ಸಲ ಊಹಿಸುವ ಒಂದು ಯಂತ್ರವನ್ನು ಕೊಂಡುಕೊಂಡೆವೆನ್ನಿ. 2024ರಲ್ಲಿ ಜಗತ್ತಿನ ಒಟ್ಟು ಯಂತ್ರಗಳ ಶಕ್ತಿ ಇಂತಹ ಒಂದು ಯಂತ್ರದ 60 ಲಕ್ಷ ಪಟ್ಟನ್ನು ದಾಟಿತ್ತು. ದಿನಕ್ಕೆ 144 ಬ್ಲಾಕುಗಳು. 60 ಲಕ್ಷವನ್ನು 144ರಿಂದ ಭಾಗಿಸಿದರೆ 41,666 ದಿನ. ಅಂದರೆ ಸರಾಸರಿ 114 ವರ್ಷಕ್ಕೊಮ್ಮೆ ನಮ್ಮ ಸರದಿ. ಅಜ್ಜ ಹಚ್ಚಿಟ್ಟ ಯಂತ್ರದ ಫಲವನ್ನು ಮರಿಮಗ ಉಣ್ಣಬೇಕು. ಅದೂ ಸರಾಸರಿಯ ಮಾತು, ಸಿಕ್ಕಿಯೇ ತೀರುತ್ತದೆಂಬ ಭರವಸೆಯಲ್ಲ. ಈ ಮಧ್ಯೆ ಮೂರೂಕಾಲು ಕಿಲೋವಾಟಿನ ಆ ಯಂತ್ರ ದಿನವೊಂದಕ್ಕೆ 78 ಯೂನಿಟ್ ವಿದ್ಯುತ್ತನ್ನು ನುಂಗುತ್ತಿರುತ್ತದೆ.

ಆದುದರಿಂದಲೇ ಪೂಲ್, ಅಂದರೆ ಕೂಟ, ಹುಟ್ಟಿತು. ಸಾವಿರಾರು ಜನ ಕೂಡಿ ಹುಡುಕುವುದು, ಯಾರಿಗೆ ಸಿಕ್ಕಿದರೂ ದುಡಿಮೆಗೆ ತಕ್ಕಂತೆ ಹಂಚಿಕೊಳ್ಳುವುದು. ಇಂತಹ ಮೊದಲ ಕೂಟವನ್ನು ಕಟ್ಟಿದವರು ಚೆಕ್ ದೇಶದ ಮಾರೆಕ್ ಪಲಾಟಿನುಸ್ ಎಂಬ ತರುಣ. 2010ರ ಡಿಸೆಂಬರಿನಲ್ಲಿ ಆ ಕೂಟಕ್ಕೆ ಮೊದಲ ಬ್ಲಾಕ್ ಸಿಕ್ಕಿತು. 'ಸ್ಲಷ್ ಪೂಲ್' ಎಂದು ಹೆಸರಾಗಿ, 2022ರಲ್ಲಿ 'ಬ್ರೆಯಿನ್ಸ್ ಪೂಲ್' ಎಂದು ಹೆಸರು ಬದಲಿಸಿಕೊಂಡು ಮುಂದುವರಿಯಿತು. ಕೂಟ ಕಟ್ಟುವುದು ನಮಗೇನೂ ಹೊಸತಲ್ಲ. ಅಡಿಕೆಯ ಧಾರಣೆ ಕುಸಿದು ಬೆಳೆಗಾರ ಕಂಗಾಲಾಗಿದ್ದಾಗ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ, ಕರ್ನಾಟಕ ಕೇರಳ ಎರಡೂ ರಾಜ್ಯದವರನ್ನು ಸೇರಿಸಿ ಕ್ಯಾಂಪ್ಕೊ ಹುಟ್ಟಿದುದು ಇದೇ ತತ್ತ್ವದಿಂದ. ಗಡಿಯೆಂಬುದು ನಮ್ಮ ಅಡಿಕೆಗೆ ಅಡ್ಡ ಬರಲಿಲ್ಲ, ಭಾಷೆಗೆ ಮಾತ್ರ ಬಂತು. ಆ ಮಾತು ಇರಲಿ.

ಕೂಡಿ ದುಡಿಯುವಲ್ಲಿ ಯಾರು ಎಷ್ಟು ದುಡಿದರೆಂದು ತಿಳಿಯುವುದು ಹೇಗೆ? ಅಡಿಕೆಯಾದರೆ ತಕ್ಕಡಿಗೆ ಹಾಕಬಹುದು. ಪಟೋರವೆಷ್ಟು, ಕೋಕವೆಷ್ಟು, ಕರಿಗೋಟೆಷ್ಟು ಎಂದು ಅಂಗಳದಲ್ಲೇ ಬೇರ್ಪಡಿಸಿ ತೋರಿಸಬಹುದು. ಕುರುಡು ಹುಡುಕಾಟವನ್ನು ತೂಗುವುದೆಂತು? ಇದಕ್ಕೆ ಕಂಡುಕೊಂಡ ಉಪಾಯ ನಮಗೆ ಬಹಳ ಮೆಚ್ಚುಗೆಯಾಯಿತು. ನಿಜವಾದ ಒಗಟು ಅತಿ ಕಠಿಣ. ಕೂಟದ ನಿರ್ವಾಹಕ ತನ್ನ ಗಣಿಗಾರರಿಗೆ ಅದೇ ಒಗಟಿನ ಸುಲಭ ರೂಪವೊಂದನ್ನು ನಿಗದಿ ಮಾಡುತ್ತಾನೆ. ದೊಡ್ಡ ಉತ್ತರ ಹುಡುಕುವ ದಾರಿಯಲ್ಲಿ ಇಂತಹ ಚಿಕ್ಕ ಉತ್ತರಗಳು ಆಗಾಗ ಸಿಗುತ್ತಲೇ ಇರುತ್ತವೆ. ಅವನ್ನು ಕಳುಹಿಸಿದರೆ ಆತ ದುಡಿಯುತ್ತಿದ್ದಾನೆಂಬುದಕ್ಕೆ ಅದೇ ಸಾಕ್ಷಿ. ಇದನ್ನು ಷೇರು ಎನ್ನುತ್ತಾರೆ. ಷೇರುಗಳನ್ನು ಎಣಿಸಿದರೆ ದುಡಿಮೆಯನ್ನು ಎಣಿಸಿದಂತೆ. ದೊಡ್ಡ ಉತ್ತರ ಸಿಕ್ಕಾಗ ಗಣಿಗಾರ ಅದನ್ನು ಮುಚ್ಚಿಟ್ಟು ತಾನೇ ಇನಾಮು ಹೊಡೆದರೆ? ಸಾಧ್ಯವಿಲ್ಲ. ಇನಾಮು ಯಾರಿಗೆ ಸಲ್ಲಬೇಕೆಂಬ ವಿಳಾಸ ಒಗಟಿನೊಳಗೇ ಹೆಣೆದಿರುತ್ತದೆ. ವಿಳಾಸ ಬದಲಿಸಿದರೆ ಉತ್ತರವೇ ಸುಳ್ಳಾಗುತ್ತದೆ. ಹೊಟ್ಟೆಕಿಚ್ಚಿನಿಂದ ಉತ್ತರವನ್ನು ಎಸೆದುಬಿಡಬಹುದು, ಕದಿಯಲಾಗದು.

ಇಷ್ಟರ ಮಟ್ಟಿಗೆ ಗಣಿಗಾರನನ್ನು ಕಟ್ಟಿಹಾಕಿದ್ದಾಯಿತು. ನಿರ್ವಾಹಕನನ್ನು ಕಟ್ಟಿಹಾಕುವವರು ಯಾರು? ನಮ್ಮ ಇಡೀ ಲೇಖನದ ಪ್ರಶ್ನೆ ಇದೇ.

ಬಟವಾಡೆಯಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ದಿನಗೂಲಿಯಂತೆ: ಬ್ಲಾಕ್ ಸಿಗಲಿ ಬಿಡಲಿ, ಕಳುಹಿಸಿದ ಷೇರಿಗೆ ಇಷ್ಟೆಂದು ನಿರ್ವಾಹಕ ಕೊಟ್ಟುಬಿಡಬೇಕು. ನಷ್ಟದ ಭಾರ ಅವನದು. ಆದುದರಿಂದ ಕಮಿಷನ್ ಹೆಚ್ಚು, ಅವನ ಪೆಟ್ಟಿಗೆಯಲ್ಲಿ ದಾಸ್ತಾನೂ ಇರಬೇಕು. ಇನ್ನೊಂದು ಪಾಲಿನ ಲೆಕ್ಕ: ಬ್ಲಾಕ್ ಸಿಕ್ಕಾಗ ಮಾತ್ರ, ಈಚೆಗೆ ಕಳುಹಿಸಿದ ಇಷ್ಟು ಷೇರುಗಳಿಗೆ ಹಂಚಿಕೆ. ಕೂಟಗಳ ಆರಂಭದ ದಿನಗಳಲ್ಲಿ ಬರೀ ಸರಳ ಪಾಲಿತ್ತು. ಆಗ ಜಾಣರು ಕೆಲವರು ಸುತ್ತಿನ ಆರಂಭದಲ್ಲಿ ಬಂದು ದುಡಿದು, ಸುತ್ತು ಉದ್ದವಾಗುತ್ತಲೇ ಬೇರೆ ಕೂಟಕ್ಕೆ ಹಾರತೊಡಗಿದರು. ಬಿಟ್ಟುಹೋಗದೆ ದುಡಿದವರ ಪಾಲು ಕರಗಿತು. ಪಲಾಟಿನುಸ್ ಅಂಕ ಕೊಡುವ ಹೊಸ ಕ್ರಮ ತಂದು ಇದನ್ನು ತಡೆದರು. ಮೆನಿ ರೋಸೆನ್‌ಫೆಲ್ಡ್ ಎಂಬ ಗಣಿತಜ್ಞರು 2011ರಲ್ಲಿ ಈ ಹಂಚಿಕೆಯ ಕ್ರಮಗಳನ್ನೆಲ್ಲ ಒರೆಗೆ ಹಚ್ಚಿ ದೀರ್ಘ ಪ್ರಬಂಧವನ್ನೇ ಬರೆದರು. ಪಾಲು ಹಂಚುವುದು ಗಣಿತವೂ ಹೌದು, ನ್ಯಾಯವೂ ಹೌದು ಎಂಬುದನ್ನು ಗಣಿತದ ಪಾಠಕ್ಕೆ ಆಕಳಿಸುವ ನಮ್ಮ ಮಕ್ಕಳು ಗಮನಿಸಬೇಕು.

ಆದರೆ ನಿರ್ವಾಹಕನ ಯೋಗ್ಯತೆ ಸೂತ್ರದಲ್ಲಿಲ್ಲ, ಆಪತ್ತಿನಲ್ಲಿ ತಿಳಿಯುತ್ತದೆ. 2012ರ ಮಾರ್ಚಿನಲ್ಲಿ ಪಲಾಟಿನುಸ್ ಬಾಡಿಗೆಗೆ ಪಡೆದಿದ್ದ ಸರ್ವರಿಗೆ ಕನ್ನ ಬಿದ್ದು ಮೂರು ಸಾವಿರಕ್ಕೂ ಮಿಕ್ಕಿ ನಾಣ್ಯ ಹೋಯಿತು. ಗಣಿಗಾರರ ಮೇಲೆ ಹಾಕದೆ ಆ ನಷ್ಟವನ್ನು ಅವರೇ ಹೊತ್ತರು. 2023ರ ಸೆಪ್ಟೆಂಬರಿನಲ್ಲಿ ಕಂಪೆನಿಯೊಂದು ತಪ್ಪಿನಿಂದ ಒಂದು ಚಿಕ್ಕ ರವಾನೆಗೆ 19 ನಾಣ್ಯಕ್ಕೂ ಮಿಕ್ಕಿದ ಶುಲ್ಕವನ್ನು ತೆತ್ತಿತು, ಸುಮಾರು ಐದು ಲಕ್ಷ ಡಾಲರ್. ಅದು ಎಫ್2ಪೂಲ್ ಎಂಬ ಕೂಟದ ಪಾಲಿಗೆ ಬಂತು. ನಿಯಮದ ಪ್ರಕಾರ ಹಿಂದಿರುಗಿಸಬೇಕಾದ ಕಟ್ಟುಪಾಡಿಲ್ಲ. ಹಿಂದಿರುಗಿಸಿದರು. ಗಣಿಗಾರರಲ್ಲಿ ಕೆಲವರು ಅದು ತಮ್ಮ ಪಾಲೆಂದು ಗೊಣಗಿರಲಿಕ್ಕೂ ಸಾಕು. ನಾವಾದರೆ ಹಿಂದಿರುಗಿಸಿದ್ದನ್ನೇ ಸರಿಯೆನ್ನುತ್ತೇವೆ.

ಇನ್ನು ನಮ್ಮ ಊರಿನ ಕಥೆ. 2021ರಲ್ಲಿ ನಮ್ಮ ಶಾಲೆಯ ಮೂವರು ಹಳೆ ವಿದ್ಯಾರ್ಥಿಗಳು ಕೂಡಿ ಆರು ಗ್ರಾಫಿಕ್ಸ್ ಕಾರ್ಡುಗಳನ್ನು ಕೊಂಡು, ಅಡಿಕೆ ರಾಶಿ ಹಾಕುವ ಕೋಣೆಯಲ್ಲಿ ಜೋಡಿಸಿ, ಈಥರ್ ಎಂಬ ನಾಣ್ಯದ ಗಣಿಗೆ ಇಳಿದರು. ಸೇರಿದ್ದು ಪರದೇಶದ ಸಣ್ಣ ಕೂಟವೊಂದಕ್ಕೆ. ಆಷಾಢದ ಮಳೆಗೆ ನಮ್ಮಲ್ಲಿ ಕರೆಂಟಿನ ಅವಸ್ಥೆ ಎಲ್ಲರಿಗೂ ಗೊತ್ತಿದ್ದದ್ದೇ. ಎರಡು ದಿನ ಯಂತ್ರ ನಿಂತು ಮತ್ತೆ ಹಚ್ಚಿದಾಗ ಬಂದ ಪಾಲು ಮೊದಲಿನ ಕಾಲಂಶವೂ ಇರಲಿಲ್ಲ. ಮೋಸವೆಂದೇ ಅವರು ತಿಳಿದರು. "ಮಾಷ್ಟ್ರೇ, ಇವರಿಗೊಂದು ಕಾಗದ ಬರೆದು ಕೊಡಿ, ನಮಗೆ ಅಷ್ಟು ಇಂಗ್ಲಿಷ್ ಬರುವುದಿಲ್ಲ" ಎಂದು ಒಂದು ಸಂಜೆ ಮನೆಗೆ ಬಂದರು. ನಾವೂ ಖಾರವಾಗಿಯೇ ಬರೆದುಕೊಟ್ಟೆವು. ಮರುದಿನವೇ ಉತ್ತರ ಬಂತು. ಯಾರೋ ಒಬ್ಬ ಮನುಷ್ಯ ಕುಳಿತು ಬರೆದದ್ದು. ನಿಮ್ಮ ಯಂತ್ರ ಎಷ್ಟು ಹೊತ್ತಿಗೆ ನಿಂತಿತು, ಎಷ್ಟು ಹೊತ್ತಿಗೆ ಬಂತು, ಈ ಮಧ್ಯೆ ಸಿಕ್ಕಿದ ಬ್ಲಾಕುಗಳೆಷ್ಟು, ಕೊನೆಯ ಇಷ್ಟು ಷೇರುಗಳಲ್ಲಿ ನಿಮ್ಮವು ಎಷ್ಟಿದ್ದವು, ಅದರಂತೆ ನಿಮ್ಮ ಪಾಲೆಷ್ಟು ಎಂದು ಸಾಲುಸಾಲಾಗಿ ಲೆಕ್ಕ ಬಿಡಿಸಿ ತೋರಿಸಿದ್ದರು. ಎರಡು ದಿನದಲ್ಲಿ ಪಾಲು ಮೊದಲಿನಂತಾಗುತ್ತದೆಂದೂ, ದೂರದ ಸರ್ವರಿಗೆ ಬದಲು ಸಿಂಗಾಪುರದ ಸರ್ವರಿಗೆ ಜೋಡಿಸಿದರೆ ತಡವಾಗಿ ತಲುಪಿ ವ್ಯರ್ಥವಾಗುವ ಷೇರುಗಳು ಕಡಿಮೆಯಾಗುವುವೆಂದೂ ಬರೆದಿದ್ದರು. ನಮ್ಮ ಖಾರದ ಬಗ್ಗೆ ಒಂದಕ್ಷರವಿಲ್ಲ. ನಾವು ನಾಚಿಕೊಂಡು ಕ್ಷಮೆ ಕೇಳಿ ಇನ್ನೊಂದು ಕಾಗದ ಬರೆಯಬೇಕಾಯಿತು.

ಕೆಲವು ತಿಂಗಳ ಬಳಿಕ, ಕಮಿಷನ್ ಅರ್ಧ ಶತಾಂಶ ಕಡಿಮೆಯೆಂದು ಹುಡುಗರು ದೊಡ್ಡ ಕೂಟವೊಂದಕ್ಕೆ ಹಾರಿದರು. ನಾವು ತಡೆಯಲಿಲ್ಲ, ತಡೆದರೂ ಕೇಳುತ್ತಿದ್ದರೆಂದಲ್ಲ. 2022ರ ಸೆಪ್ಟೆಂಬರ್ 15ರಂದು ಈಥರಿನ ಜಾಲವು ಗಣಿಗಾರಿಕೆಯನ್ನೇ ಕೈಬಿಟ್ಟು ಬೇರೆ ಪದ್ಧತಿಗೆ ಹೊರಳಿತು. ಅದು ವರ್ಷಗಳಿಂದ ಸಾರಿದ್ದ ಸಂಗತಿ, ಯಾರೂ ದೂರುವಂತಿಲ್ಲ. ದೂರು ಇರುವುದು ಆಮೇಲಿನದರ ಬಗ್ಗೆ. ಕೂಟದಲ್ಲಿ ಇವರ ಬಾಕಿ ಬಟವಾಡೆಯ ಕನಿಷ್ಠ ಮಿತಿಗಿಂತ ತುಸು ಕಡಿಮೆಯಿತ್ತು. ಇಂತಹ ದಿನದೊಳಗೆ ಕೇಳಿ ಪಡೆಯಬೇಕೆಂದು ಕೂಟದವರು ಇಂಗ್ಲಿಷಿನಲ್ಲಿ ಪ್ರಕಟಣೆ ಹಾಕಿದ್ದರಂತೆ. ಹುಡುಗರು ಓದಲಿಲ್ಲ, ಓದಿದ್ದರೂ ಆ ವಕೀಲಿ ಇಂಗ್ಲಿಷ್ ಅವರಿಗೆ ಹತ್ತುತ್ತಿರಲಿಲ್ಲ. ದಿನ ಕಳೆದ ಮೇಲೆ ನಾವು ಮೂರು ಕಾಗದ ಬರೆದೆವು. ಮೂರಕ್ಕೂ ಬಂದದ್ದು ಯಂತ್ರ ಬರೆದ ಒಂದೇ ಉತ್ತರ, ಅಲ್ಪವಿರಾಮ ಸಹಿತ ಒಂದೇ.

ಅರ್ಥವಾಗದ ಭಾಷೆಯ ನಮೂನೆಗೆ ಸಹಿ ಹಾಕಿ ಹಕ್ಕು ಕಳೆದುಕೊಳ್ಳುವ ಕಷ್ಟ ನಮ್ಮ ನಾಡಿನವರಿಗೆ ಹೊಸತೇನೂ ಅಲ್ಲ. ಕಚೇರಿಯ ಮಲಯಾಳ ನಮೂನೆಯನ್ನು ಹಿಡಿದುಕೊಂಡು ಶಾಲೆಯ ಜಗಲಿಗೆ ಬರುವ ಪೋಷಕರನ್ನು ನಾವು ಇಂದಿಗೂ ಕಾಣುತ್ತೇವೆ. ಅದಕ್ಕೇ ಇರಬೇಕು, ಗಣಿಗಾರರಿಗೆ ನೆರವು ನೀಡುವುದನ್ನು ಕೂಟದವರು ಮೇಲುಪಚಾರವೆಂದು ತಿಳಿದರೆ ನಮಗೆ ಸಿಟ್ಟು ಬರುತ್ತದೆ. ಅವರು ಹಿಡಿದುಕೊಳ್ಳುವ ಶೇಕಡಾ ಒಂದೋ ಎರಡೋ ಯಾವುದರ ಕೂಲಿ? ಯಂತ್ರಗಳು ತಾವಾಗಿಯೇ ಓಡುತ್ತವೆ. ಲೆಕ್ಕವನ್ನು ತೆರೆದಿಟ್ಟು, ಕೇಳಿದವನಿಗೆ ತಿಳಿಯುವಂತೆ ಹೇಳುವುದರ ಕೂಲಿ ಅದು.

ಕಮಿಷನ್ ಕಡಿಮೆಯೆಂದು ಎಲ್ಲರೂ ದೊಡ್ಡ ಕೂಟಕ್ಕೇ ಹೋದರೆ ಮತ್ತೊಂದು ಅನಾಹುತವಿದೆ. ಒಟ್ಟು ಶಕ್ತಿಯ ಅರ್ಧಕ್ಕಿಂತ ಹೆಚ್ಚು ಒಬ್ಬ ನಿರ್ವಾಹಕನ ಕೈಗೆ ಬಂದರೆ ಆತ ಲೆಕ್ಕದ ಪುಸ್ತಕದ ಕೊನೆಯ ಪುಟಗಳನ್ನು ಹರಿದು ಬೇರೆ ಬರೆಯಬಲ್ಲ. 2014ರ ಜೂನಿನಲ್ಲಿ ಜಿಹ್ಯಾಶ್ ಎಂಬ ಕೂಟ ಆ ಗೆರೆಯನ್ನು ಕೆಲಹೊತ್ತು ದಾಟಿಯೂ ಬಿಟ್ಟಿತು. ಗುಲ್ಲೆದ್ದ ಮೇಲೆ ಶೇ. 40 ಮೀರುವುದಿಲ್ಲವೆಂದು ಮಾತು ಕೊಟ್ಟರು, ಗಣಿಗಾರರು ಬಿಟ್ಟುಹೋದರು. 2023ರಿಂದೀಚೆಗೆ ಫೌಂಡ್ರಿ, ಆಂಟ್‌ಪೂಲ್ ಎಂಬ ಎರಡೇ ಕೂಟಗಳು ಸೇರಿ ಹಲವು ಸಲ ಅರ್ಧದಷ್ಟು ಬ್ಲಾಕುಗಳನ್ನು ಪಡೆದಿವೆ. ಅಧಿಪತಿಯಿಲ್ಲದ ನಾಣ್ಯವೆಂದು ಹೊರಟದ್ದು ಎಲ್ಲಿಗೆ ಬಂತು ನೋಡಿ.

ಮಕ್ಕಳಿಗೆ ಇನ್ನೊಂದು ಎಚ್ಚರಿಕೆ ಹೇಳದೆ ಹೋದರೆ ನಾವು ಮಾಷ್ಟ್ರುಗಳಲ್ಲ. ಯಂತ್ರವನ್ನೇ ತೋರಿಸದೆ, ನಿಮ್ಮ ಹೆಸರಿನಲ್ಲಿ ಗಣಿ ನಡೆಸುತ್ತೇವೆ, ಹಣ ಕೊಡಿ ಎನ್ನುವವರಿದ್ದಾರೆ. 'ಗೇನ್‌ಬಿಟ್‌ಕಾಯಿನ್' ಯೋಜನೆ ತಿಂಗಳಿಗೆ ಶೇ. 10ರಂತೆ 18 ತಿಂಗಳು ಪ್ರತಿಫಲವೆಂದು ದೇಶದ ಉದ್ದಗಲಕ್ಕೂ ಹಣ ಎತ್ತಿತು. ಅದರ ಮುಖ್ಯಸ್ಥನನ್ನು ವಂಚನೆಯ ಆರೋಪದ ಮೇಲೆ 2018ರಲ್ಲಿ ಪುಣೆಯ ಪೊಲೀಸರು ಬಂಧಿಸಿದರು. ಅವರ ಬಳಗಕ್ಕೆ ಜಿಬಿಮೈನರ್ಸ್ ಎಂಬ ನಿಜವಾದ ಕೂಟವೂ ಇತ್ತು. ನಂಬಿಕೆ ಹುಟ್ಟಿಸಲು ಅಷ್ಟು ಸಾಲದೇ? ನಿಜವಾದ ಕೂಟದಲ್ಲಿ ತಿಂಗಳಿಗೆ ಇಷ್ಟೇ ಎಂಬ ಭರವಸೆ ಇರಲಾರದು. ನಾಣ್ಯದ ಬೆಲೆಯೂ, ಒಗಟಿನ ಕಾಠಿಣ್ಯವೂ ಯಾರ ಕೈಯಲ್ಲೂ ಇಲ್ಲ. ಮೇಲಾಗಿ 2022ರ ಏಪ್ರಿಲಿನಿಂದ ನಮ್ಮ ದೇಶದಲ್ಲಿ ಇಂತಹ ನಾಣ್ಯದ ಲಾಭಕ್ಕೆ ಶೇ. 30 ತೆರಿಗೆ, ಗಣಿಗಾರಿಕೆಗೆ ಹೂಡಿದ ಯಂತ್ರದ ಖರ್ಚನ್ನು ಅದರಲ್ಲಿ ಕಳೆಯುವಂತಿಲ್ಲ.

ಹುಡುಗರ ಆರು ಕಾರ್ಡುಗಳಲ್ಲಿ ನಾಲ್ಕು ಸಿಕ್ಕಿದ ಬೆಲೆಗೆ ಹೋದವು. ಒಂದು ಸಿಡಿಲಿಗೆ ಸುಟ್ಟಿತು. ಉಳಿದ ಒಂದನ್ನು ಶಾಲೆಯ ಕಂಪ್ಯೂಟರ್ ಕೋಣೆಗೆ ತಂದುಕೊಟ್ಟಿದ್ದಾರೆ. ಮೊದಲ ಕೂಟದ ಆ ಉತ್ತರವನ್ನು ನಾವು ಕನ್ನಡಕ್ಕೆ ಬರೆದು ಅದೇ ಕೋಣೆಯ ಗೋಡೆಗೆ ಅಂಟಿಸಿದ್ದೇವೆ. ಎರಡನೆಯ ಕೂಟದಿಂದ ಬಾಕಿ ಇನ್ನೂ ಬಂದಿಲ್ಲ.